ಮುಳುಗದ ಕೊಳೆಯನ್ನು ತೇಲಿಸೋದು ಹೇಗೆ?

ಒಂದು ಲೋಟ ಸೋಡಾಗೆ ನಾಲ್ಕು ಒಣದ್ರಾಕ್ಷಿ ಹಾಕಿ ನೋಡಿ. ಮೊದಲು ಮುಳುಗುತ್ತವೆ. ಆಮೇಲೆ ಗುಳ್ಳೆಗಳು ಮೈಗೆ ಅಂಟಿಕೊಂಡು ಒಂದೊಂದೇ ಮೇಲೆ ಬರುತ್ತವೆ. ಕುಡಿಯೋ ನೀರು ಶುದ್ಧ ಮಾಡೋ ಒಂದು ವಿಧಾನ ಹೆಚ್ಚು ಕಮ್ಮಿ ಇದೇ.

ಕೆಂಪು ನೀರಿನ ಕೊಡದಲ್ಲಿ ಪಟಿಕ, ಅಂದ್ರೆ ಆಲಮ್, ಆಡಿಸೋದನ್ನ ನೀವು ನೋಡಿರಬಹುದು. ನೀರಲ್ಲಿರೋ ಸಣ್ಣ ಕಣಗಳಿಗೆಲ್ಲ ಸಾಮಾನ್ಯವಾಗಿ ಋಣ ವಿದ್ಯುದಾವೇಶ. ಹಾಗಾಗಿ ಒಂದನ್ನೊಂದು ತಳ್ಳುತ್ತಾ ತೇಲಾಡ್ತಾನೇ ಇರ್ತವೆ. ಪಟಿಕ ಆ ತಳ್ಳಾಟ ನಿಲ್ಲಿಸುತ್ತೆ, ಕಣಗಳು ಅಂಟಿ ಗಂಟಾಗುತ್ತವೆ. ಮಣ್ಣಿನ ಗಂಟು ತಳ ಸೇರುತ್ತೆ. ಆದ್ರೆ ಪಾಚಿ ತುಂಬಾ ಹಗುರ. ಗಂಟು ಕಟ್ಟಿದ್ರೂ ಸುಲಭಕ್ಕೆ ಇಳಿಯಲ್ಲ.

ಇಳಿಯದಿದ್ರೆ ಏರಿಸೋಣ ಅಂದ್ರು ಎಂಜಿನಿಯರ್‌ಗಳು. ಶುದ್ಧವಾದ ನೀರಲ್ಲೇ ಸುಮಾರು ಹತ್ತನೇ ಒಂದು ಭಾಗ ವಾಪಸ್ ತಗೊಂಡು, ವಾತಾವರಣದ ಐದಾರು ಪಟ್ಟು ಒತ್ತಡದಲ್ಲಿ ಗಾಳಿ ಕರಗಿಸ್ತಾರೆ. ಅದನ್ನು ತೊಟ್ಟಿಗೆ ಬಿಟ್ಟ ತಕ್ಷಣ, ಗೋಲಿ ಸೋಡಾ ಒಡೆದ ಹಾಗೆ, ಸಣ್ಣ ಸಣ್ಣ ಗುಳ್ಳೆಗಳೆದ್ದು ನೀರು ಹಾಲಿನಂತೆ ಬೆಳ್ಳಗಾಗುತ್ತೆ. ಗುಳ್ಳೆಗಳು ಗಂಟುಗಳನ್ನ ಹೊತ್ತು ಮೇಲೆ ಕೆನೆಗಟ್ಟುತ್ತವೆ. ಕೆನೆ ತೆಗೆದು, ಕೆಳಗಿನ ತಿಳಿನೀರನ್ನ ಫಿಲ್ಟರ್‌ಗೆ ಬಿಡ್ತಾರೆ. ನ್ಯೂಯಾರ್ಕ್‌ನಲ್ಲಿ 2015ರಲ್ಲಿ ಶುರುವಾದ ಕ್ರೋಟನ್ ಘಟಕ ಹೀಗೇ ದಿನಕ್ಕೆ ಸುಮಾರು 110 ಕೋಟಿ ಲೀಟರ್ ಶುದ್ಧ ಮಾಡಬಲ್ಲದು. ಅದಿರೋದು ನೆಲದಡಿಯಲ್ಲಿ, ಮೇಲೆ ಗಾಲ್ಫ್ ಆಡ್ತಾರೆ!

ಬರೀ ಗಾಳಿ ಊದಿದ್ರೆ ಆಗಲ್ಲ. ಗುಳ್ಳೆಗೂ ಋಣ ಆವೇಶನೇ. ಪಟಿಕದ ಪ್ರಮಾಣ ತಪ್ಪಿದ್ರೆ ಕಣಕ್ಕೂ ಗುಳ್ಳೆಗೂ ಅಂಟೇ ಬೀಳಲ್ಲ.

ಇಷ್ಟೆಲ್ಲ ಯಾಕೆ, ಕ್ಲೋರಿನ್ ಹಾಕಿದ್ರೆ ಸಾಕಲ್ವಾ? 1993ರಲ್ಲಿ ಅಮೆರಿಕದ ಮಿಲ್ವಾಕೀ ನಗರದ ನಲ್ಲಿಗಳಲ್ಲಿ ಕ್ಲೋರಿನ್ ಹಾಕಿ, ಫಿಲ್ಟರ್ ಮಾಡಿದ ನೀರೇ ಬರ್ತಿತ್ತು. ಆದ್ರೂ ಸುಮಾರು 4 ಲಕ್ಷ ಜನ ಭೇದಿಯಿಂದ ಮಲಗಿದ್ರು, ಹಲವರು ಸತ್ತರು. ಕಾರಣ ಕ್ರಿಪ್ಟೋಸ್ಪೊರಿಡಿಯಂ ಅನ್ನೋ ಪರಾವಲಂಬಿ. ನೀರಿಗೆ ಹಾಕೋ ಪ್ರಮಾಣದ ಕ್ಲೋರಿನ್‌ಗೆ ಅದು ಸಾಯಲ್ಲ. ಆಗ ಒಂದು ಘಟಕದಲ್ಲಿ ನೀರಿನ ರಾಡಿ ಏರಿತ್ತು, ಗಂಟು ಕಟ್ಟಿಸೋ ರಾಸಾಯನಿಕ ಅದಕ್ಕೆ ತಕ್ಕಂತೆ ಹೊಂದಲಿಲ್ಲ. ಈ ಜೀವಿಯ ಕೋಶ ಒಂದು ಮಿಲಿಮೀಟರ್‌ನ ಇನ್ನೂರನೇ ಒಂದು ಭಾಗದಷ್ಟು, ಹೆಚ್ಚು ಕಡಿಮೆ ನೀರಿನಷ್ಟೇ ಹಗುರ. ಅದನ್ನ ಮುಳುಗಿಸೋದಕ್ಕಿಂತ ತೇಲಿಸಿ ತೆಗೆಯೋದೇ ಪರಿಣಾಮಕಾರಿ ಅಂತ ಪರೀಕ್ಷೆಗಳಲ್ಲಿ ಕಂಡಿದೆ.

ಹಾಗಂತ ಎಲ್ಲ ನೀರಿಗೂ ಇದು ಬೇಡ. ಪ್ರವಾಹದ ಕೆಸರು ನೀರಿಗೆ ಹಳೇ ತಳಗಟ್ಟಿಸೋ ತೊಟ್ಟಿನೇ ಸರಿ. ಸೋಡಾಗೆ ಒಣದ್ರಾಕ್ಷಿ ಬದಲು ಒಂದು ಕಲ್ಲು ಹಾಕಿ, ಎಷ್ಟು ಗುಳ್ಳೆ ಅಂಟಿದ್ರೂ ಅದು ಏಳಲ್ಲ.