ಕರುಳಿನ ಗಂಟು, ನೆತ್ತರಿನ ಗುಟ್ಟು

ಸೀರೋಟೋನಿನ್ ಅಂದ ಕೂಡಲೇ ಈಗ ಎಲ್ಲರೂ ಮನಸ್ಸು, ಖಿನ್ನತೆ, ಮಾತ್ರೆ ಅಂತ ಮಾತಿಗಿಳಿಯುತ್ತಾರೆ. ನನ್ನ ಕಥೆ ಮಾತ್ರ ಹೊಟ್ಟೆಯದು. ನಮ್ಮ ಮೈಯ ಸೀರೋಟೋನಿನ್‌ನಲ್ಲಿ ನೂರಕ್ಕೆ 90ರಷ್ಟು ಇರುವುದು ಅಲ್ಲೇ!

1907ರಲ್ಲಿ ಮ್ಯೂನಿಕ್‌ನ ರೋಗಶಾಸ್ತ್ರಜ್ಞ ಜೀಗ್‌ಫ್ರೀಡ್ ಓಬರ್ನ್‌ಡಾರ್ಫರ್ ಸಣ್ಣಕರುಳಿನ ಪುಟ್ಟ ಪುಟ್ಟ ಗಂಟುಗಳ ಬಗ್ಗೆ ಬರೆದರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಥೇಟ್ ಕ್ಯಾನ್ಸರು. ಆದರೆ ಬೆಳವಣಿಗೆ ಬಲು ನಿಧಾನ, ಎಲ್ಲೂ ಹರಡಿಲ್ಲ. ಇವು ನಿರಪಾಯ ಅಂದುಕೊಂಡು ‘ಕಾರ್ಸಿನಾಯ್ಡ್’ ಎಂದು ಹೆಸರಿಟ್ಟರು. ಲೋಕವೂ ನಂಬಿತು. 1929ರಲ್ಲಿ ಅವರೇ ಮತ್ತೆ ಬರೆದರು: ಇಲ್ಲ, ಇವು ಹರಡಲೂಬಲ್ಲವು. ತನಗೆ ಕೀರ್ತಿ ತಂದ ಮಾತನ್ನು 22 ವರ್ಷಗಳ ಮೇಲೆ ಕೈಯಾರೆ ತಿದ್ದುವ ವಿದ್ವಾಂಸರು ಎಷ್ಟು ಮಂದಿ ಸಿಕ್ಕಾರು, ಹೇಳಿ? ಇಂಥವರನ್ನು 1933ರಲ್ಲಿ, ಯೆಹೂದಿ ಎಂಬ ಒಂದೇ ಕಾರಣಕ್ಕೆ, ನಾಜಿ ಸರ್ಕಾರ ಕೆಲಸದಿಂದ ಕಿತ್ತುಹಾಕಿತು. ಇಸ್ತಾಂಬುಲ್ ವಿಶ್ವವಿದ್ಯಾಲಯ ಕರೆದು ಕೂರಿಸಿತು. ಅಲ್ಲೇ ಪಾಠ ಹೇಳುತ್ತಾ 1944ರಲ್ಲಿ ತೀರಿಕೊಂಡರು.

ಇತ್ತ ಫ್ರಾನ್ಸಿನ ಪಿಯರ್ ಮಾಸ್ಸೋನ್, ಬೆಳ್ಳಿಯ ಲವಣದ ಬಣ್ಣ ಹಿಡಿಯುವ ಕರುಳಿನ ಜೀವಕೋಶಗಳೇ ಈ ಗೆಡ್ಡೆಯ ಮೂಲ ಎಂದು 1914ರಲ್ಲೇ ತೋರಿಸಿದ್ದರು. 1930ರ ದಶಕದಲ್ಲಿ ಇಟಲಿಯ ವಿತ್ತೋರಿಯೋ ಎರ್ಸ್ಪಾಮರ್ ಅದೇ ಜಾತಿಯ ಕೋಶಗಳಿಂದ ಸ್ನಾಯು ಹಿಂಡುವ ಒಂದು ವಸ್ತುವನ್ನು ಹೊರತೆಗೆದರು; ಆಮೇಲೆ ಆಕ್ಟೋಪಸ್ಸಿನ ಜೊಲ್ಲುಗ್ರಂಥಿಯಲ್ಲೂ ಅದನ್ನೇ ಕಂಡರು! 1948ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನವರು ದನದ ರಕ್ತದಿಂದ ಬೇರ್ಪಡಿಸಿದ ಸೀರೋಟೋನಿನ್ನೂ ಅದೇ ಎಂದು ತಿಳಿಯಲು 1952 ಬರಬೇಕಾಯಿತು. ಮರುವರ್ಷ ಫ್ರೆಡ್ ಲೆಂಬೆಕ್ ಅದನ್ನು ಗೆಡ್ಡೆಯೊಳಗೇ ಪತ್ತೆಹಚ್ಚಿದರು.

1954ರಲ್ಲಿ ಸ್ವೀಡನ್ನಿನ ವೈದ್ಯರು ಈ ಗೆಡ್ಡೆ ತರುವ ರೋಗದ ಚಿತ್ರ ಪೂರ್ತಿ ಬಿಡಿಸಿಟ್ಟರು: ಇದ್ದಕ್ಕಿದ್ದಂತೆ ಕೆಂಪೇರುವ ಮುಖ, ಬಿಡದ ಭೇದಿ, ಉಬ್ಬಸ, ಹೃದಯದ ಬಲಗಡೆಯ ಕವಾಟಗಳಿಗೆ ಪೆಟ್ಟು. ಬಲಗಡೆಗೇ ಏಕೆ? ಕರುಳಿನ ರಕ್ತಕ್ಕೆ ಯಕೃತ್ತೇ ಸುಂಕದ ಕಟ್ಟೆ. ಸೀರೋಟೋನಿನ್ ಬಹುಪಾಲು ಅಲ್ಲೇ ನಾಶವಾಗುತ್ತದೆ. ಗೆಡ್ಡೆ ಯಕೃತ್ತಿಗೇ ಹರಡಿತೋ, ಅದರ ಸ್ರಾವ ನೇರ ಬಲಹೃದಯಕ್ಕೆ ನುಗ್ಗುತ್ತದೆ. ಉಳಿದದ್ದನ್ನು ಶ್ವಾಸಕೋಶ ಮುಗಿಸುವುದರಿಂದ ಎಡಗಡೆ ಸಾಮಾನ್ಯವಾಗಿ ಬಚಾವ್.

ಇನ್ನೊಂದು ಸಂಗತಿ. ಬೇಳೆ, ಹಾಲಿನಲ್ಲಿ ಸಿಗುವ ಟ್ರಿಪ್ಟೊಫಾನ್‌ನಲ್ಲಿ ಆರೋಗ್ಯವಂತರ ಮೈ ನೂರಕ್ಕೆ ಒಂದು ಪಾಲನ್ನಷ್ಟೇ ಸೀರೋಟೋನಿನ್‌ಗೆ ಬಳಸುತ್ತದೆ. ಈ ರೋಗದಲ್ಲಿ ಅದು 60ರವರೆಗೂ ಏರೀತು. ಆಗ ನಯಾಸಿನ್ ಎಂಬ ಜೀವಸತ್ವ ತಯಾರಿಸಲು ಸರಕೇ ಸಾಲದೆ, ಹೊಟ್ಟೆತುಂಬ ಉಂಡವರಿಗೂ ಅದರ ಕೊರತೆಯ ರೋಗವಾದ ಪೆಲಾಗ್ರ ಬರಬಹುದು. ಸೀರೋಟೋನಿನ್ ಒಡೆದು ಉಳಿಯುವ ಆಮ್ಲವನ್ನು 24 ಗಂಟೆಯ ಮೂತ್ರದಲ್ಲಿ ಅಳೆದು ರೋಗ ಗುರುತಿಸುತ್ತಾರೆ. ಅದಕ್ಕೆ ಮುಂಚೆ ಬಾಳೆಹಣ್ಣು, ಅನಾನಸ್, ಅಕ್ರೋಟು ಬಿಡಿ ಅನ್ನುತ್ತಾರಲ್ಲ, ಅವುಗಳಲ್ಲೂ ಸೀರೋಟೋನಿನ್ ಇರುವುದೇ ಕಾರಣ. ತಿಂದರೆ ಲೆಕ್ಕ ತಪ್ಪುತ್ತದೆ. ಇವತ್ತು ಆಕ್ಟ್ರಿಯೋಟೈಡ್ ಚುಚ್ಚುಮದ್ದು ಈ ಸ್ರಾವಕ್ಕೆ ಕಡಿವಾಣ ಹಾಕುತ್ತದೆ.

ನನಗೆ ಹೊಟ್ಟೆ ಉರಿಯುವುದು ಒಂದೇ ವಿಷಯಕ್ಕೆ. ಎರ್ಸ್ಪಾಮರ್ ಆ ವಸ್ತುವಿನ ಬೆನ್ನುಹತ್ತಿದ್ದಾಗ ಓಬರ್ನ್‌ಡಾರ್ಫರ್ ಇಸ್ತಾಂಬುಲ್‌ನಲ್ಲಿ ಇನ್ನೂ ಬದುಕಿದ್ದರು. ಗೆಡ್ಡೆಯನ್ನು ಬಲ್ಲವರು ಒಬ್ಬರು, ಅದರ ರಸವನ್ನು ಬಲ್ಲವರು ಇನ್ನೊಬ್ಬರು. ನಡುವೆ ಒಂದು ಯುದ್ಧ. ತಮ್ಮ ಮಾತನ್ನು ಒಮ್ಮೆ ತಿದ್ದಿಕೊಂಡಿದ್ದ ಆ ಹಿರಿಯರು ಈ ಸುದ್ದಿ ಕೇಳಿದ್ದರೆ ಮೂರನೇ ಸಲವೂ ಖುಷಿಯಿಂದಲೇ ಬರೆಯಲು ಕೂರುತ್ತಿದ್ದರು ಅಂತ ನನ್ನ ನಂಬಿಕೆ.