ಸ್ಪಿಟಲ್‌ಫೀಲ್ಡ್ಸ್‌ನ ರೇಷ್ಮೆ ನೇಕಾರರು
(ವಾರದ ಸಭೆಯಲ್ಲಿ ಮಾಡಿದ ಭಾಷಣ)



ದೂರದ ಫ್ರಾನ್ಸಿನ ಕಥೆ ನಮಗೇಕೆ ಎಂದು ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದ್ದು ಕೇಳಿಸಿತು. ಕಥೆ ಮಗ್ಗದ್ದು, ಕೂಲಿಯದು. ಸ್ವಲ್ಪ ತಾಳ್ಮೆಯಿಂದ ಕೇಳಿ.

ಫ್ರಾನ್ಸಿನ ದೊರೆ ಕ್ಯಾಥೊಲಿಕ್. ಅಲ್ಲಿಯ ಪ್ರಾಟೆಸ್ಟೆಂಟರಿಗೆ ಹ್ಯೂಗೆನಾಟರು ಎಂದು ಹೆಸರು. ತಮ್ಮ ಮತದಂತೆ ನಡೆಯಲು 1598ರಲ್ಲಿ ನಾಲ್ಕನೆಯ ಹೆನ್ರಿ ಅವರಿಗೆ ಕೊಟ್ಟಿದ್ದ ಹಕ್ಕನ್ನು ಮೊಮ್ಮಗ ಹದಿನಾಲ್ಕನೆಯ ಲೂಯಿ 1685ರಲ್ಲಿ ಕಿತ್ತುಕೊಂಡ. ಅದಕ್ಕೂ ಮೊದಲೇ ಅವರ ಮನೆಗಳಲ್ಲಿ ಸಿಪಾಯಿಗಳ ಬಿಡಾರ ಹೂಡಿಸಿದ್ದ. ಸಿಪಾಯಿ ಉಣ್ಣುವುದು, ಒಡೆಯುವುದು, ಹೊಡೆಯುವುದು; ಮನೆಯವನು ಮತ ಬಿಟ್ಟರೆ ಸಿಪಾಯಿ ಮನೆ ಬಿಡುವುದು. ಇದೇ ಧರ್ಮಪ್ರಚಾರ! ದೇಶ ಬಿಡಲೂ ಅಪ್ಪಣೆಯಿಲ್ಲ. ಓಡುವಾಗ ಸಿಕ್ಕಿಬಿದ್ದ ಗಂಡಸಿಗೆ ಸಂಕೋಲೆ ತೊಡಿಸಿ ಹಡಗಿನ ಹುಟ್ಟು ಹಾಕಿಸಿದರು. ಹೆಂಗಸನ್ನು ಸೆರೆಮನೆಗೋ ಸನ್ಯಾಸಿನಿಯರ ಮಠಕ್ಕೋ ನೂಕಿದರು. ಆದರೂ ಸುಮಾರು 2 ಲಕ್ಷ ಜನ ತಪ್ಪಿಸಿಕೊಂಡರು. ಹಾಲೆಂಡಿಗೆ ಹೋದರು, ಜರ್ಮನಿಗೆ ಹೋದರು, ಕೆಲವರು ದಕ್ಷಿಣ ಆಫ್ರಿಕದವರೆಗೂ ಹೋದರು. ಸುಮಾರು 50 ಸಾವಿರ ಮಂದಿ ಇಂಗ್ಲೆಂಡ್ ಸೇರಿದರು. ‘ರೆಫ್ಯೂಜಿ’ ಎಂಬ ಮಾತು ಇಂಗ್ಲಿಷಿಗೆ ಬಂದದ್ದೇ ಇವರ ಜೊತೆಯಲ್ಲಿ.

ಇವರಲ್ಲಿ ರೇಷ್ಮೆ ನೇಯುವವರು ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ನೆಲೆನಿಂತರು. ಈಸ್ಟ್ ಇಂಡಿಯಾ ಕಂಪನಿ ನಮ್ಮ ದೇಶದ ಚೀಟಿಬಟ್ಟೆಯನ್ನು ಅಲ್ಲಿಗೆ ತಂದು ಸುರಿದಾಗ ಆ ಕೇರಿಯ ಮಗ್ಗಗಳಿಗೆ ಕೆಲಸ ತಪ್ಪಿತು. 1719ರಲ್ಲಿ ನೇಕಾರರು ಬೀದಿಗಿಳಿದು, ಚೀಟಿಬಟ್ಟೆ ತೊಟ್ಟ ಹೆಂಗಸರ ಮೈಮೇಲಿನ ಬಟ್ಟೆಯನ್ನೇ ಹರಿದರು. ಅದು ನಾಚಿಕೆಗೇಡಿನ ಕೆಲಸ, ಸಂಶಯವಿಲ್ಲ. ನಮ್ಮ ನೇಕಾರನನ್ನು ಅವರು ಕಂಡವರೇ ಅಲ್ಲ. ಇಬ್ಬರ ನಡುವೆ ಇದ್ದದ್ದು ಕಂಪನಿ. 1721ರಲ್ಲಿ ಪಾರ್ಲಿಮೆಂಟು ಚೀಟಿಬಟ್ಟೆಯನ್ನು ನಿಷೇಧಿಸಿತು.

1743ರಲ್ಲಿ ಹ್ಯೂಗೆನಾಟರು ಬ್ರಿಕ್ ಲೇನ್ ಬೀದಿಯಲ್ಲಿ ಒಂದು ಚರ್ಚು ಕಟ್ಟಿದರು. ಆ ಕಟ್ಟಡ ಮುಂದೆ ಯೆಹೂದ್ಯರ ಮಂದಿರವಾಯಿತು, 1976ರಿಂದ ಮಸೀದಿಯಾಗಿದೆ. ಧಣಿಗೂ ನೇಕಾರನಿಗೂ ಮತ ಒಂದೇ, ಅಜ್ಜಂದಿರು ಪಟ್ಟ ಪಾಡೂ ಒಂದೇ. ಕೂಲಿಯ ಲೆಕ್ಕ ಮಾತ್ರ ಬೇರೆ.

1760ರ ದಶಕದಲ್ಲಿ ಕೂಲಿ ಇಳಿಯಿತು. ನೇಕಾರರು ಗುಟ್ಟಾಗಿ ಸಂಘ ಕಟ್ಟಿ ಮಗ್ಗಕ್ಕೆ ಇಷ್ಟೆಂದು ವಂತಿಗೆ ಎತ್ತಿದರು. ಕಡಿಮೆ ದರಕ್ಕೆ ದುಡಿದವನ ಮಗ್ಗದಲ್ಲಿದ್ದ ರೇಷ್ಮೆಯನ್ನು ರಾತ್ರಿ ಬಂದು ಕತ್ತರಿಸಿದರು. ಹ್ಯೂಗೆನಾಟ್ ಮನೆತನದ ಧಣಿ ಲೂಯಿಸ್ ಶೋವೆ ವಂತಿಗೆ ಕೊಡಕೂಡದೆಂದು ತನ್ನ ಕೆಲಸಗಾರರಿಗೆ ತಾಕೀತು ಮಾಡಿದ. ಅವನ ಕೆಲಸ ಮಾಡುತ್ತಿದ್ದ ನೇಕಾರನೊಬ್ಬನ ಮಗ್ಗವನ್ನು ಕೊಯ್ದರೆಂದು ಜಾನ್ ಡಾಯ್ಲ್, ಜಾನ್ ವ್ಯಾಲೀನ್ ಎಂಬಿಬ್ಬರಿಗೆ ಗಲ್ಲುಶಿಕ್ಷೆಯಾಯಿತು. ವ್ಯಾಲೀನನೂ ಹ್ಯೂಗೆನಾಟರ ವಂಶದವನೇ. ಎಲ್ಲರನ್ನೂ ನೇಣಿಗೇರಿಸುತ್ತಿದ್ದ ಟೈಬರ್ನ್ ಬಿಟ್ಟು, ನೇಕಾರರ ಕಣ್ಣೆದುರೇ ಆಗಲಿ ಎಂದು, 1769ರ ಡಿಸೆಂಬರ್ 6ರಂದು ಬೆತ್ನಲ್ ಗ್ರೀನಿನಲ್ಲಿ ಅವರನ್ನು ನೇಣು ಹಾಕಿದರು.

ಜನ ಆ ಗಲ್ಲುಗಂಬವನ್ನು ಕಿತ್ತುಕೊಂಡು ಹೋಗಿ ಶೋವೆಯ ಮನೆಯ ಮುಂದೆ ನೆಟ್ಟರು. ಕಿಟಕಿ ಒಡೆದರು, ಸಾಮಾನು ಸುಟ್ಟರು.

ನಾಲ್ಕು ವರ್ಷಗಳ ಬಳಿಕ, 1773ರಲ್ಲಿ, ಅಲ್ಲಿಯ ರೇಷ್ಮೆ ನೇಕಾರರ ಕೂಲಿಯನ್ನು ಮ್ಯಾಜಿಸ್ಟ್ರೇಟರು ಗೊತ್ತುಮಾಡಬೇಕೆಂದು ಕಾನೂನಾಯಿತು. ಅದಕ್ಕಿಂತ ಕಡಿಮೆ ಕೊಟ್ಟ ಧಣಿಗೆ ದಂಡ. ಐವತ್ತು ವರ್ಷ ಆ ಕಾನೂನು ನಡೆಯಿತು. ಧಣಿಗಳು ಪಾರ್ಲಿಮೆಂಟಿಗೆ ಅರ್ಜಿಯ ಮೇಲೆ ಅರ್ಜಿ ಹಾಕಿ 1824ರಲ್ಲಿ ಅದನ್ನು ರದ್ದುಮಾಡಿಸಿದರು.