ಟಿಡಿಎಸ್ ಪೆನ್‌ಗೆ ಕಾಣದ ವಿಷ

ಈ ಎಪಿಸೋಡ್ ನನ್ನದೇ ಒಂದು ತಪ್ಪಿನಿಂದ ಶುರುವಾಗತ್ತೆ.

ಹೋದ ವರ್ಷ ಲಿಂಗಸುಗೂರು ಕಡೆ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಆನ್‌ಲೈನಲ್ಲಿ ತರಿಸಿದ್ದ ಟಿಡಿಎಸ್ ಪೆನ್ ಬ್ಯಾಗಲ್ಲಿತ್ತು. ಬೋರ್‌ವೆಲ್ ನೀರಲ್ಲಿ ಅದ್ದಿದೆ, ನಂಬರ್ 400ರ ಒಳಗೇ ಬಂತು. "ಯಪ್ಪಾ, ಈ ನೀರು ಕುಡಿಬೌದೇನು?" ಅಂದ್ರು ಚಿಕ್ಕಮ್ಮ. "ಸೂಪರ್ ನೀರು, ಆರಾಮಾಗಿ ಕುಡೀರಿ" ಅಂದುಬಿಟ್ಟೆ.

ಆ ಪೆನ್ ನೋಡೋದು ನೀರಲ್ಲಿ ಕರೆಂಟ್ ಎಷ್ಟು ಹರಿಯತ್ತೆ ಅನ್ನೋದನ್ನ ಮಾತ್ರ. ಅದರಿಂದ ಒಟ್ಟು ಲವಣ ಎಷ್ಟಿದೆ ಅಂತ ಅಂದಾಜು ಹೇಳತ್ತೆ. ಆರ್ಸೆನಿಕ್ ಅದಕ್ಕೆ ಕಾಣೋದೇ ಇಲ್ಲ. ಕುಡಿಯೋ ನೀರಲ್ಲಿ ಆರ್ಸೆನಿಕ್ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ನಾನು ಬಿಕಾಂ ಓದಿದವನು, ನನ್ನ ಲೆಕ್ಕದಲ್ಲಿ ಹೇಳೋದಾದ್ರೆ 10 ಕೋಟಿ ರೂಪಾಯಿ ವಹಿವಾಟಲ್ಲಿ 1 ರೂಪಾಯಿ ಹುಡುಕಿದ ಹಾಗೆ. ಬಣ್ಣ ಇಲ್ಲ, ವಾಸನೆ ಇಲ್ಲ. ಕುದಿಸಿದ್ರೂ ಹೋಗಲ್ಲ. ವರ್ಷಗಟ್ಟಲೆ ಕುಡಿದ ಮೇಲೆ ಅಂಗೈ ಅಂಗಾಲಿನ ಚರ್ಮ ಒರಟಾಗತ್ತೆ, ಕ್ಯಾನ್ಸರೂ ಬರಬಹುದು. ರಾಯಚೂರು, ಯಾದಗಿರಿಯ ಚಿನ್ನದ ಗಣಿ ಸೀಮೆಯ ಅಂತರ್ಜಲದಲ್ಲಿ ಇದು ಪತ್ತೆಯಾಗಿದೆ. ಕಿರದಳ್ಳಿ ತಾಂಡಾದಲ್ಲಿ ಜನರ ಮೈಮೇಲೇ ಕಾಣಿಸಿಕೊಂಡಿದೆ. ನಾನಿದನ್ನ ಓದಿದ್ದು ಬೆಂಗಳೂರಿಗೆ ವಾಪಸ್ ಬಂದ ಮೇಲೆ.

ಆದ್ರೆ ಬ್ಯಾಕ್ಟೀರಿಯಾ ಇದನ್ನ ಗುರುತು ಹಿಡಿಯತ್ತೆ. ಇ. ಕೋಲಿಯ ಒಳಗೆ ಒಂದು ಪ್ರೋಟೀನ್ ಡಿಎನ್‌ಎ ಮೇಲೆ ಬೀಗದ ಹಾಗೆ ಕೂತಿರತ್ತೆ. ಆರ್ಸೆನಿಕ್ ಬಂದು ಅಂಟಿದ್ರೆ ಬೀಗ ಕಳಚತ್ತೆ, ವಿಷವನ್ನ ಹೊರಗೆ ದಬ್ಬೋ ಪಂಪ್ ತಯಾರಾಗತ್ತೆ. 2006ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಇದೇ ಬೀಗಕ್ಕೆ ಬೇರೆ ಕೆಲಸ ಜೋಡಿಸಿದರು. ಬೀಗ ತೆರೆದರೆ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ಒಡೆದು ಆಮ್ಲ ಮಾಡಬೇಕು, ಮೊಸರು ಹುಳಿಯಾಗತ್ತಲ್ಲ, ಹಾಗೆ. ಹುಳಿ ಏರಿದಾಗ ಬಣ್ಣ ಬದಲಿಸೋ ಇಂಡಿಕೇಟರ್ ಹಾಕಿದ್ರೆ ಕಣ್ಣಲ್ಲೇ ಗೊತ್ತಾಗತ್ತೆ. ಅರಿಶಿನಕ್ಕೆ ಸುಣ್ಣ ಬಿದ್ರೆ ಕೆಂಪಾಗಲ್ವಾ!

ಇಷ್ಟು ಅಗ್ಗದ ಪರೀಕ್ಷೆ ಯಾಕೆ ಬೇಕು ಅಂದ್ರೆ, ಒಂದು ಬಾವಿ ನೋಡಿ ಊರಿನ ನೀರಿನ ಬಗ್ಗೆ ಹೇಳೋಕಾಗಲ್ಲ. ಬಾಂಗ್ಲಾದೇಶದಲ್ಲಿ ಕೊಳವೆಬಾವಿಗಳನ್ನ ಪರೀಕ್ಷಿಸಿ, ಕೆಟ್ಟದ್ದಕ್ಕೆ ಕೆಂಪು, ಒಳ್ಳೇದಕ್ಕೆ ಹಸಿರು ಬಳಿದರು. ಕೆಂಪು ಬಾವಿಯ ಪಕ್ಕದ ಮನೇದೇ ಹಸಿರು ಇರಬಹುದು.

ತೊಡಕೂ ಇದೆ. ಅದು ಕುಲಾಂತರಿ ಬ್ಯಾಕ್ಟೀರಿಯಾ, ಜೀವಂತ. ಲ್ಯಾಬಿನ ಹೊರಗೆ ಬಿಡೋಕೆ ಕಟ್ಟುನಿಟ್ಟಿನ ಅನುಮತಿ ಬೇಕು, ಬೇಕಾದ್ದೇ. ಅದಕ್ಕೇ 2020ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು ರೋಸಲಿಂಡ್ ಅನ್ನೋ ವಿಧಾನ ತೋರಿಸಿದರು. ಜೀವಕೋಶವೇ ಇಲ್ಲ, ಬೇಕಾದ ಪ್ರೋಟೀನು, ಡಿಎನ್‌ಎ ಮಾತ್ರ ಒಣಗಿಸಿ ಟ್ಯೂಬಲ್ಲಿಟ್ಟರು. ನೀರಿನ ಹನಿ ಹಾಕಿದಾಗ ಸೀಸವೋ ತಾಮ್ರವೋ ಇದ್ರೆ ಹಸಿರಾಗಿ ಹೊಳೆಯತ್ತೆ. ನಂಗೆ ಇದರ ಮೇಲೇ ಹೆಚ್ಚು ನಂಬಿಕೆ.

ಆದ್ರೆ ಟಿಡಿಎಸ್ ಪೆನ್ ಸಿಗೋ ಹಾಗೆ ಇವು ಇನ್ನೂ ನಮ್ಮ ಅಂಗಡೀಲಿ ಸಿಗ್ತಿಲ್ಲ. ಚಿಕ್ಕಮ್ಮನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತ ಇಷ್ಟ್ ದಿನ ಕುಡಿದಿದ್ದು?" ಅಂದ್ರು. ಬೋರ್‌ವೆಲ್ ನೀರಿನ ಬಾಟಲಿ ಜಿಲ್ಲಾ ಪ್ರಯೋಗಾಲಯಕ್ಕೆ ಹೋಗಿದೆ, ಆರ್ಸೆನಿಕ್ ಅಂತ ಹೆಸರು ಹೇಳಿಯೇ ಕೊಟ್ಟಿದ್ದೀವಿ. ರಿಪೋರ್ಟ್ ಬಂದ ದಿನ ಇಲ್ಲೇ ಓದಿ ಹೇಳ್ತೀನಿ.